ನಲವತ್ತೊಂದು ಹೂಂ

"ಇದರಲ್ಲಿ ಯಾವ ಹೂಂ ನಿಜದ್ದು?"

ಡಾಕ್ಟರ್ ಇಂಚರ ಕೇಳಿದ್ದು ಯಾರನ್ನೂ ಅಲ್ಲ. ತುಮಕೂರಿನ ಪ್ರಯೋಗಾಲಯದಲ್ಲಿ ಆ ಮಧ್ಯಾಹ್ನ ಅವರ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಎದುರಿನ ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಹಳೆಯ ಧ್ವನಿಮುದ್ರಣವನ್ನು ನುಡಿಸುತ್ತಿತ್ತು.

"ಹಿಮಾ, ಇವನು ಹದಿನಾಲ್ಕು ವರ್ಷದ ಹುಡುಗ ಅಂತ ಹೇಳ್ಕೋತಾನೆ. ಮಾತಿನ ರೀತಿ ದೊಡ್ಡವರದು. ನಾಟಕಕ್ಕೆ ಅಂತ ನಿನ್ನ ಮುಖ, ದನಿ ಎರಡನ್ನೂ ಕೇಳ್ತಿದಾನೆ. ಕೊಟ್ರೆ ನಿನ್ನ ಹಾಗೇ ನಗೋ ಬೊಂಬೆ ಮಾಡ್ಕೋಬಹುದು. ತಿಳೀತಾ ಕಂದ?"

"ಹೂಂ."

ಮತ್ತೊಂದು ದಿನ, ಮತ್ತೊಂದು ಎಚ್ಚರಿಕೆ, ಮತ್ತೊಂದು ಹೂಂ. ಹೀಗೆ ನಲವತ್ತೊಂದು. ಎಲ್ಲವೂ ಒಂದೇ ಶ್ರುತಿ, ಒಂದೇ ಅಳತೆ. ಗಡಿಯಾರ ಬಡಿದ ಹಾಗೆ.

ಎಚ್ಚರಿಸುತ್ತಿದ್ದುದು ಒಡನುಡಿ. ಇಂಚರ ಹನ್ನೊಂದು ವರ್ಷ ಕೂತು ಮಾಡಿದ ಮಣಿ ಅದು. ಜೋಳದ ಕಾಳಿನಷ್ಟು ಗಾತ್ರ, ಕಿವಿಯ ಹಿಂದೆ ಅಂಟಿಕೊಳ್ಳುತ್ತದೆ. ಮಗು ಫೋನಿನಲ್ಲಿ ಏನು ನೋಡುತ್ತಿದೆ, ಯಾರೊಡನೆ ಮಾತಾಡುತ್ತಿದೆ ಎಂಬುದನ್ನು ಮಗುವಿನ ಜೊತೆಗೇ ಓದುತ್ತದೆ. ಎದುರಿನವರು ಬಳಸುವ ಪದ, ಬರೆಯುವ ವೇಗ, ತಪ್ಪನ್ನು ತಿದ್ದಿಕೊಳ್ಳುವ ಬಗೆ, ಇವುಗಳಿಂದ ಅವರ ವಯಸ್ಸನ್ನೂ ಉದ್ದೇಶವನ್ನೂ ಅಂದಾಜು ಮಾಡುತ್ತದೆ. ಅದು ಗದರುವುದಿಲ್ಲ, ಫೋನನ್ನು ಕಿತ್ತುಕೊಳ್ಳುವುದೂ ಇಲ್ಲ. ತಾಯಿಯ ದನಿಯಲ್ಲಿ ಮೆಲ್ಲಗೆ ಬಿಡಿಸಿ ಹೇಳುತ್ತದೆ. ತಾಯಿಯಾದವಳು ಹತ್ತು ನಿಮಿಷ ಏನಾದರೂ ಓದಿಕೊಟ್ಟರೆ ಸಾಕು, ಅವಳ ದನಿಯ ಅಚ್ಚು ಮಣಿಯಲ್ಲಿ ಕೂರುತ್ತಿತ್ತು.

ಬಿಡಿಸಿ ಹೇಳುವ ಈ ರೀತಿ ಅವರಿಗೆ ತಾತನಿಂದ ಬಂದದ್ದು. ತಾತ ರಾಮಮಂದಿರದಲ್ಲಿ ಕಾವ್ಯವಾಚನಕ್ಕೆ ವ್ಯಾಖ್ಯಾನ ಹೇಳುತ್ತಿದ್ದವರು. ಇನ್ನೊಬ್ಬರು ರಾಗವಾಗಿ ಪದ್ಯ ಓದಿ ನಿಲ್ಲಿಸಿದರೆ ಇವರು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಕೂತವರ ಮುಖ ನೋಡಿ, ಆಮೇಲೆ ಅರ್ಥ ಬಿಡಿಸುವರು. ಮನೆಯಲ್ಲಿ ಮೊಮ್ಮಗಳಿಗೆ ಕತೆ ಹೇಳುವಾಗ ಅವರದೊಂದು ಕಟ್ಟಳೆ: ಕೇಳುವವರು ಹೂಂಗುಟ್ಟಬೇಕು. ಹೂಂ ಬಾರದಿದ್ದರೆ ರಾಮನಾದರೂ ಸರಿಯೆ, ಹೊಳೆಯ ಈಚೆ ದಡದಲ್ಲೇ ನಿಂತಿರಬೇಕಾಗಿತ್ತು.

ಆ ಹೂಂ ಅನ್ನು ಇಂಚರ ಮಣಿಗೆ ತಂದರು. ಪ್ರತಿ ಎಚ್ಚರಿಕೆಯ ಕೊನೆಗೂ ಮಣಿ "ತಿಳೀತಾ?" ಎಂದು ಕೇಳುತ್ತದೆ. ಮಗು ಹೂಂ ಅನ್ನುವ ತನಕ ಪರದೆ ಮುಂದಕ್ಕೆ ಸರಿಯದು. ಈಗ ಎರಡು ಸಾವಿರದ ಅರವತ್ತೆರಡರ ಹೊತ್ತಿಗೆ ಹನ್ನೊಂದು ಲಕ್ಷ ಮಕ್ಕಳ ಕಿವಿಯ ಹಿಂದೆ ಒಡನುಡಿ ಇದೆ. ಅದಿಲ್ಲದೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ಅಂತರ್ಜಾಲದಲ್ಲಿ ಮೋಸಹೋಗುವ ಮಕ್ಕಳ ಸಂಖ್ಯೆ ಮೊದಲ ಎರಡು ವರ್ಷದಲ್ಲಿ ಅರ್ಧಕ್ಕಿಳಿದದ್ದು ಸುಳ್ಳಲ್ಲ. ಆಮೇಲೆ, ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಹಾಗೆ, ನಿಯಮಗಳ ನಡುವೆ ಒಂದು ಸಾಲು ಸೇರಿಕೊಂಡಿತು. ಹೂಂ ದಾಖಲಾಗಿದ್ದರೆ ಮಗುವಿಗೆ ವಿಷಯ ತಿಳಿದಿತ್ತು ಎಂದೇ ಭಾವಿಸತಕ್ಕದ್ದು.

ಆ ನಲವತ್ತೊಂದು ಹೂಂ ಅಂದಿದ್ದ ಅರಸೀಕೆರೆಯ ಹಿಮಾನಿ ತನ್ನ ಮುಖವನ್ನೂ ದನಿಯನ್ನೂ ಆ ಅಪರಿಚಿತನಿಗೆ ಕೊಟ್ಟಳು. ಅವನು ಅವುಗಳಿಂದ ಥೇಟ್ ಅವಳಂತೆಯೇ ಮಾತಾಡುವ ಬೊಂಬೆಯನ್ನು ಫೋನಿನ ಪರದೆಯ ಮೇಲೆ ಕಟ್ಟಿದ. ಎದುರುಮನೆಯ ಗೆಳತಿ ಪೂರ್ವಿಗೆ ಆ ಬೊಂಬೆ ಕರೆ ಮಾಡಿ, ಬಸ್ ಸ್ಟ್ಯಾಂಡಿಗೆ ಬಾರೇ ಎಂದಿತು. ಗೆಳತಿ ಕರೆದಳೆಂದು ಪೂರ್ವಿ ಹೋದಳು. ನಾಲ್ಕು ತಿಂಗಳಾಯಿತು, ಹಿಂತಿರುಗಿಲ್ಲ.

ಈಗ ತನಿಖಾ ಸಮಿತಿಯ ಮುಂದಿರುವುದು ಒಂದೇ ಪ್ರಶ್ನೆ. ಹಿಮಾನಿ ಮೋಸಹೋದವಳೋ, ಪಾಲುದಾರಳೋ? ಪಾಲುದಾರಳೆಂದಾದರೆ ಹದಿನೆಂಟು ತುಂಬುವವರೆಗೆ ಬಾಲಮಂದಿರ. ಆ ಅಪರಿಚಿತ ಅವಳಿಗೆ ಸಿಕ್ಕ ಹರಟೆಯ ಆ್ಯಪ್ ನಡೆಸುವ ಕಂಪನಿಯ ಮೇಲೆ ಯಾವ ಹೊಣೆಯೂ ಇಲ್ಲ. ಅವಳ ಹೂಂಗಳು ತಿಳಿದು ಅಂದವೇ ಎಂದು ಹೇಳಬೇಕಾದವರು ಮಣಿಯನ್ನು ಮಾಡಿದ ಇಂಚರ.

ಸಮಿತಿಯ ಕಾರ್ಯದರ್ಶಿ ದಯಾಶಂಕರ್ ಆ ಹೊತ್ತಿಗೇ ಮತ್ತೆ ಫೋನು ಮಾಡಿದರು.

"ಏನ್ ಡಾಕ್ಟ್ರೇ, ವರದಿ ಸೋಮವಾರ ಬರುತ್ತೋ, ಇಲ್ಲ ಅದಕ್ಕೂ ನಿಮ್ಮ ಮಣಿ ಕೈಲಿ ಎಚ್ಚರಿಕೆ ಕೊಡಿಸ್ಬೇಕೋ?"

"ನನ್ನ ಪರೀಕ್ಷೆ ಫಲಿತಾಂಶ ಓದಿದ್ರಾ ಸಾರ್?"

"ಓದ್ದೆ, ಓದ್ದೆ. ಆನೆ ದೋಸೆ ಹುಯ್ದಿದ್ದು."

ಅದೂ ತಾತನದೇ ಉಪಾಯ. ಮೊಮ್ಮಗಳ ಹೂಂ ತೂಕಡಿಸತೊಡಗಿತೆಂದು ಅನುಮಾನ ಬಂದರೆ ಅವರು ಕತೆಯ ನಡುವೆ, ಅದೇ ರಾಗದಲ್ಲಿ, "ಆಮೇಲೆ ಆನೆ ಅಟ್ಟ ಹತ್ತಿ ದೋಸೆ ಹುಯ್ತು" ಎನ್ನುತ್ತಿದ್ದರು. ಅದಕ್ಕೂ ಹೂಂ ಬಂದರೆ ನಕ್ಕು, ಹೊದಿಕೆ ಎಳೆದು ಹೊದಿಸಿ ಏಳುತ್ತಿದ್ದರು. ಮಣಿ ಮಾಡುವಾಗ ಇಂಚರರಿಗೆ ಹೂಂ ನೆನಪಾಗಿತ್ತು, ಆನೆ ನೆನಪಾಗಿರಲಿಲ್ಲ. ಹೋದ ವಾರ ಮಾತ್ರ ಇನ್ನೂರು ಮಕ್ಕಳ ಮಣಿಗಳಲ್ಲಿ ಆ ಆನೆಯನ್ನು ಬಿಟ್ಟು ನೋಡಿದ್ದರು. ನೂರ ಎಂಬತ್ತೇಳು ಮಕ್ಕಳು ಹೂಂ ಅಂದಿದ್ದರು, ಪರದೆಯಿಂದ ಕಣ್ಣು ಕೀಳದೆ.

"ಮಕ್ಕಳು ತಮಾಷೆಗೆ ಅಂದಿರ್ತಾರೆ ಬಿಡಿ," ಎಂದರು ದಯಾಶಂಕರ್. "ನಿಮ್ಮ ತಾತನ ಆನೆ ಸಮಿತಿ ಮುಂದೆ ನಿಲ್ಲಲ್ಲ. ನಲವತ್ತೊಂದು ಹೂಂ ಇದೆಯೋ ಇಲ್ವೋ?"

"ಇದೆ."

"ಮತ್ತಿನ್ನೇನು? ತಿಳಿದೇ ಅಂದಳು ಅಂತ ಒಂದು ಸಾಲು ಬರ್ದುಕೊಡಿ. ಮಣಿ ತಪ್ಪು ಮಾಡಿಲ್ಲ ಅಂತಾಗುತ್ತೆ. ಇಲ್ದಿದ್ರೆ ಹನ್ನೊಂದು ಲಕ್ಷ ಮಕ್ಕಳ ಕಿವಿಯಿಂದ ಅದನ್ನ ಕೀಳಿಸ್ಬೇಕಾಗುತ್ತೆ, ನೆನಪಿರ್ಲಿ."

ಫೋನಿಟ್ಟ ಮೇಲೆ ಇಂಚರ ಮುದ್ರಣವನ್ನು ಮತ್ತೆ ನುಡಿಸಿದರು. ಹೂಂ ಎಂಬುದು ಬಾಯಿಯಿಂದ ಬಂದರೂ ಅದರ ಅರ್ಥವಿರುವುದು ಸುತ್ತಲಿನ ಮೌನದಲ್ಲಿ ಎಂದು ಅವರಿಗೆ ಹೊಳೆಯಿತು. ಸುತ್ತಲಿನದನ್ನು ತಾವು ಕೇಳಿಯೇ ಇರಲಿಲ್ಲ. ಮಣಿಗೆ ಒಂದು ಶೋಧಕವಿತ್ತು, ಅಂದರೆ ಬೇಡದ ಸದ್ದನ್ನು ಸೋಸಿ ತೆಗೆಯುವ ಜಾಲರಿ. ಮಗುವಿನ ಹೂಂ ಸ್ಪಷ್ಟವಾಗಲೆಂದು ಅದು ಮಣಿಯ ಸ್ವಂತ ಮಾತನ್ನು ಬೇರೆ ಕಡೆ ಇಟ್ಟು, ಅದೇ ದನಿಯ ಉಳಿದ ಸದ್ದನ್ನೆಲ್ಲ, ಮಗುವಿನ ಬೇರೆ ಮಾತನ್ನೂ, ಕೇಳಿಸದಂತೆ ಮರೆಮಾಡುತ್ತಿತ್ತು. ಮಣಿಯ ದನಿಯೆಂದರೆ ತಾಯಿಯ ದನಿ. ಹಾಗಾದರೆ ಆ ಮನೆಯಲ್ಲಿ ನಿಜವಾದ ತಾಯಿ ಮಾತಾಡಿದ್ದರೆ?

ಅವರು ಜಾಲರಿ ತೆಗೆದು ಮೊದಲಿನಿಂದ ಕೇಳಿದರು. ಇಪ್ಪತ್ತೊಂಬತ್ತನೆಯ ಮುದ್ರಣ ಮುಗಿದಾಗ ಅದನ್ನೇ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರು.

ಮರುದಿನ ಬೆಳಗ್ಗೆ ರೈಲು ಹಿಡಿದು ಅರಸೀಕೆರೆಗೆ ಹೋದರು.

ಹಿಮಾನಿಯ ತಾಯಿ ಜ್ಞಾನವಿ ಬಾಗಿಲನ್ನು ಅರ್ಧವಷ್ಟೇ ತೆರೆದು, ಇವರು ಒಳಗೆ ಬಂದ ಕೂಡಲೇ ಚಿಲಕ ಹಾಕಿದಳು. "ತಪ್ ತಿಳ್ಕೋಬೇಡಿ ಮೇಡಂ. ಎದುರುಮನೇಲಿ ಪೂರ್ವಿ ಅಮ್ಮ ನಿಂತಿರ್ತಾರೆ. ಬೆಳಗಾದ್ರೆ ಬಂದು ನಮ್ ಬಾಗಿಲನ್ನೇ ನೋಡ್ತಾ ನಿಂತ್ಕೋತಾರೆ. ಬೈದ್ರೆ ತಡ್ಕೋಬಹುದಿತ್ತು. ಬಾಯೇ ಬಿಡಲ್ಲ."

ಹುಡುಗಿ ಗೋಡೆಗೊರಗಿ ಕೂತಿದ್ದಳು. ಕಿವಿಯ ಹಿಂದೆ ಮಣಿ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

"ತಿಂಡಿ ಆಯ್ತೇನಮ್ಮ?"

"ಹೂಂ."

"ಎಲ್ಲಿ ಆಯ್ತು? ತಟ್ಟೆ ಹಂಗೇ ಇದೆ," ಎಂದಳು ತಾಯಿ. "ನಾಲ್ಕು ತಿಂಗಳಿಂದ ಇದೊಂದೇ ಮೇಡಂ. ಪೊಲೀಸ್ನೋರು ಕೇಳಿದ್ರೂ ಹೂಂ. ನೀನೇ ಕಳಿಸಿದ್ದೇನೇ ಅವಳನ್ನ ಅಂದ್ರೂ ಹೂಂ."

ಇಂಚರ ಚಾಪೆಯ ಮೇಲೆ ಅವಳ ಸಮಕ್ಕೆ ಕೂತರು. "ಹಿಮಾನಿ, ನಮ್ಮನೆ ಆನೆ ಅಟ್ಟ ಹತ್ತಿ ದೋಸೆ ಹುಯ್ತು."

"ಹೂಂ."

ಜ್ಞಾನವಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಂಚರ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತಮ್ಮ ಫೋನಿನಲ್ಲಿ ಆ ಇಪ್ಪತ್ತೊಂಬತ್ತನೆಯ ಮುದ್ರಣವನ್ನು ನುಡಿಸಿದರು.

"ಅಮ್ಮಾ, ಒಬ್ಬ ನನ್ನ ಮುಖ ಕೇಳ್ತಿದಾನೆ."

"ಹೂಂ."

"ನಾಟಕಕ್ಕಂತೆ. ಮಣಿ ಬೇಡ ಅಂತಿದೆ."

"ಹೂಂ."

"ಅಮ್ಮಾ, ಕೊಡ್ಲಾ?"

ಹಿನ್ನೆಲೆಯಲ್ಲಿ ಯಾವುದೋ ವಿಡಿಯೊದಲ್ಲಿ ಜನ ಗೊಳ್ಳೆಂದು ನಕ್ಕರು. ಆ ನಗುವಿನ ಮೇಲೆಯೇ ತಾಯಿಯ ದನಿ: "ಹೂಂ, ಹೂಂ."

ಜ್ಞಾನವಿ ಒಲೆಯ ಕಟ್ಟೆ ಹಿಡಿದುಕೊಂಡಳು. "ಅದು ನಾನಲ್ಲ. ಮಣಿ ಅದು. ಅದಕ್ಕೆ ನಂದೇ ದನಿ ಅಲ್ವಾ?"

"ಮಣಿಗೆ ಹೂಂ ಅನ್ನಕ್ಕೆ ಬರಲ್ಲಮ್ಮ," ಎಂದರು ಇಂಚರ. "ಅದು 'ತಿಳೀತಾ' ಅಂತ ಕೇಳುತ್ತೆ ಅಷ್ಟೆ. ಹೂಂ ಅನ್ನೋ ವಿದ್ಯೆ ನಾನು ಅದಕ್ಕೆ ಕಲಿಸಿಲ್ಲ."

ಒಲೆಯ ಮೇಲಿನ ಹಾಲು ಉಕ್ಕಿ ಬಂತು. ಇಂಚರರೇ ಉರಿ ಆರಿಸಿದರು.

"ಇದನ್ನ ಸಮಿತಿಗೆ ಕೊಡ್ತೀನಿ. ಯಾವ ತಾಯೀನೂ ಇಂಥದ್ದಕ್ಕೆ ತಿಳಿದು ಹೂಂ ಅನ್ನಲ್ಲ. ಹೂಂ ಅಂದ ಮಾತ್ರಕ್ಕೆ ಒಪ್ಪಿದ ಹಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ನಿಮ್ಮ ಮಗಳು ಉಳ್ಕೋತಾಳೆ."

"ನಾನು?"

ಇಂಚರ ಕಟ್ಟೆಯ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡರು.

"ಅಳಿಸ್ಬಿಡಿ ಮೇಡಂ. ಇದೊಂದನ್ನ ಅಳಿಸ್ಬಿಡಿ. ಆ ಎದುರುಮನೆಯವಳ ಕಿವಿಗೆ ಇದು ಬಿದ್ರೆ ನಾನು ಹೆಂಗೆ ಬದುಕ್ಲಿ? ವಕೀಲರನ್ನ ಇಡ್ತೀನಿ, ಬೇರೆ ದಾರಿ ನೋಡ್ತೀನಿ. ನೀವೂ ಹೆತ್ತವ್ರೇ ಅಲ್ವಾ?"

ಇಂಚರರ ಬೆರಳು ಪರದೆಯ ಮೇಲಿತ್ತು. ಒಂದು ಸಲ ಮುಟ್ಟಿದರೆ ಸಾಕು. ತಾಯಿ ಉಳಿಯುವಳು, ಮಣಿಯೂ ಉಳಿಯುವುದು, ಹನ್ನೊಂದು ವರ್ಷದ ದುಡಿಮೆಯೂ. ಚಿಕ್ಕಂದಿನಲ್ಲಿ, ಎರಡು ಸಾವಿರದ ಇಪ್ಪತ್ತರ ಆಚೀಚೆ, ಅಪ್ಪನ ಫೋನಿನಲ್ಲಿ ಹೊಸ ಆಟ ತೆರೆಯುವಾಗೆಲ್ಲ ಸಣ್ಣಕ್ಷರದ ಹಾಳೆಗಟ್ಟಲೆ ಷರತ್ತು ಬರುತ್ತಿದ್ದುದು ಅವರಿಗೆ ನೆನಪಾಯಿತು. ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ. ಅಪ್ಪನನ್ನು ಕೇಳಿದರೆ ಅವನು ತನ್ನ ಇನ್ನೊಂದು ಫೋನಿನಿಂದ ತಲೆ ಎತ್ತದೆ, ಹೂಂ ಒತ್ತು ಒತ್ತು, ಎನ್ನುತ್ತಿದ್ದ. ಮನೆಮನೆಯಲ್ಲೂ ಆಗ ಅದೇ ಹೂಂ. ತಾವು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. ಆ ಗುಂಡಿಯನ್ನೇ ಮಕ್ಕಳ ಬಾಯಿಗೆ ಇಟ್ಟಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಹಿಮಾನಿ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ತಿಳಿಯದು.

ಜ್ಞಾನವಿ ಓಡಿ ಹೋಗಿ ಅವಳ ಎರಡೂ ಭುಜ ಹಿಡಿದಳು. ದನಿ ಮೆತ್ತಗಾಯಿತು, ಥೇಟ್ ಮಣಿಯ ಹಾಗೆ. "ಪುಟ್ಟಾ, ಮೇಡಂ ಅದನ್ನ ಅಳಿಸ್ತಾರೆ. ಅಳಿಸ್ಲಿ ಅಲ್ವಾ ಕಂದ? ನೀನೇ ಹೇಳು. ಹೂಂ ಅನ್ನೇ."

ಹುಡುಗಿ ತಲೆಯೆತ್ತಿ ತಾಯಿಯ ಮುಖ ನೋಡಿದಳು.

"ಅನ್ನಲ್ಲ."