ತಾಮ್ರದ ಶಿಮ್ಮು

“ಬಿಚ್ಚಿ ನೋಡು, ಬೇಡ ಅನ್ನಲ್ಲ. ಒಳಗೆ ಏನು ಸಿಕ್ಕಿದ್ರೂ ಅಲ್ಲೇ ಬಿಟ್ಟು ಮುಚ್ಚಿಬಿಡು. ಓಡೋ ಹಾಗೆ ಮಾತ್ರ ಮಾಡ್ಬೇಡಪ್ಪಾ,” ಎಂದಳು ಮುದುಕಿ.

ಮೇಸ್ತ್ರಿ ನಕ್ಕ. ಮೂವತ್ತು ವರ್ಷ ಗೇರ್ ಬಾಕ್ಸುಗಳ ಹೊಟ್ಟೆಯಲ್ಲಿ ಕೈಯಾಡಿಸಿದವನಿಗೆ ಇಂಥ ಬುದ್ಧಿಮಾತು ಹೊಸದಲ್ಲ. “ಇದರೊಳಗೆ ದೆವ್ವ ಇದ್ದಿದ್ರೂ ಈ ಎಣ್ಣೇಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿರುತ್ತೆ ಅಜ್ಜಿ. ಅದನ್ನೂ ರಿಪೇರಿ ಮಾಡಿ ಕಳಿಸ್ತೀನಿ ಬಿಡಿ,” ಎಂದು ಸ್ಪ್ಯಾನರ್ ಎತ್ತಿಕೊಂಡ.

ಕೆಲಸ ನಿಂತುಹೋದ ಕಲ್ಲುಗಣಿಯ ಶೆಡ್ಡು ಅದು. ತಗಡಿನ ತೂತುಗಳಿಂದ ಬಿದ್ದ ಬೆಳಕು ಬಿಟ್ಟರೆ ಹಾಡಹಗಲಲ್ಲೂ ಒಳಗೆ ಕತ್ತಲು. ನಡುವೆ ತಾತನ ಕಾಲದ ಚೈನ್ ಟ್ರ್ಯಾಕ್ಟರು ಕೂತಿತ್ತು; ಚಕ್ರದ ಬದಲು ಎರಡು ಕಡೆ ಕಬ್ಬಿಣದ ಚೈನು, ಮೈತುಂಬ ತುಕ್ಕು. ಗಣಿಯನ್ನು ಹೊಸದಾಗಿ ಕೊಂಡವನಿಗೆ ಹಳೆಯ ಯಂತ್ರಗಳ ಹುಚ್ಚು. ಅದು ನಾಲ್ಕು ಹೆಜ್ಜೆಯಾದರೂ ನಡೆಯಬೇಕು ಎಂದು ಅವನ ಹಟ.

ಮುದುಕಿ ಗಣಿಯ ಬಾಗಿಲ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವಳ ಮಗ ಈ ಟ್ರ್ಯಾಕ್ಟರಿನ ಡ್ರೈವರಾಗಿದ್ದ. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಗೇರಿನ ಹಲ್ಲುಗಳು ಮುರಿದು, ಗಾಡಿ ಹಿಂದಕ್ಕೆ ಜಾರಿ, ಅವನು ಚೈನಿನ ಕೆಳಗೆ ಸಿಕ್ಕಿಕೊಂಡ. ಸಂಜೆಯವರೆಗೂ ಕೂಗಿದನಂತೆ. ಕಲ್ಲು ಒಡೆಯುವ ಮಿಶಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

“ನಾನೇ ಮಂತ್ರವಾದಿ ಹತ್ರ ಹೋಗಿ ಮಾಟ ಮಾಡಿಸ್ದೆ. ನಾನೇ ತಂದು ಎಣ್ಣೆ ತೂತಿನೊಳಗೆ ಹಾಕ್ದೆ,” ಎಂದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. “ನನ್ನ ಮಗ ಕೂಗಿದ್ದು ಯಾರಿಗೂ ಕೇಳ್ಸಲಿಲ್ಲ. ಇದನ್ನ ಮತ್ತೆ ಎಬ್ಬಿಸಿದೋನು ಕೂಗಿದ್ದೂ ಯಾರಿಗೂ ಕೇಳ್ಸಬಾರ್ದು ಅಂತ.”

ಪಾಪ, ಒಂಟಿ ಜೀವ, ತಲೆ ಕೆಟ್ಟಿದೆ ಎಂದುಕೊಂಡ ಮೇಸ್ತ್ರಿ. ಒಂಟಿತನ ಅವನಿಗೂ ಗೊತ್ತಿಲ್ಲದ್ದೇನಲ್ಲ. ಮಕ್ಕಳಿಲ್ಲ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಣ್ಣು ಹೋಗಿ ಎರಡು ವರ್ಷ. ಅಲ್ಲಿಯವರೆಗೆ ಮಾತಿಗೆ ಜಿಪುಣನಾಗಿದ್ದವನು ಈಗ ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಬೀದಿಯಲ್ಲಿ ಯಾರು ಹೋದರು, ಎದುರು ಮನೆಯ ಬೆಕ್ಕು ಎಲ್ಲಿ ಮಲಗಿದೆ, ಎಲ್ಲವನ್ನೂ ಹೇಳುತ್ತಿದ್ದ. ಒಮ್ಮೆ ಗಂಟಲು ಕಟ್ಟಿ ಎರಡು ದಿನ ಸುಮ್ಮನಿದ್ದಾಗ ಅವಳು ಗೋಡೆ ಹಿಡಿದು ಅತ್ತಿದ್ದಳು. “ನೀವು ಸುಮ್ನಾದ್ರೆ ನನಗೆ ಇನ್ನೊಂದ್ಸಲ ಕಣ್ಣು ಹೋದ ಹಾಗಾಗುತ್ತೆ ರೀ.” ಅಂದಿನಿಂದ ಕೆಲಸದ ನಡುವೆಯೂ ಮಧ್ಯಾಹ್ನ ಒಂದು ಗಂಟೆಗೆ ತಪ್ಪದೆ ಫೋನು ಮಾಡುತ್ತಿದ್ದ.

ಗೇರ್ ಬಾಕ್ಸಿನ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯಿತು. ಎಣ್ಣೆ ಅಂಟಾಗಿ, ಕಪ್ಪಾಗಿ ನಿಂತಿತ್ತು. ಎರಡು ಗೇರುಗಳ ಹಲ್ಲು ಪೂರ್ತಿ ಉದುರಿತ್ತು, ಒಂದು ಶಾಫ್ಟು ಸೊಟ್ಟಗಾಗಿತ್ತು, ಪೆಟ್ಟಿಗೆಯ ತಳದಲ್ಲಿ ಗೇಣುದ್ದದ ಬಿರುಕು. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೋಗಿಬಿಡುತ್ತಿದ್ದರು. ಇವನಿಗೆ ಬಾಯಲ್ಲಿ ನೀರೂರಿತು.

ಅವನದೊಂದು ಪದ್ಧತಿ ಇತ್ತು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಮುರಿದ ಒಂದೊಂದು ಚೂರನ್ನೂ ಅದು ಉದುರಿದ ಜಾಗಕ್ಕೆ ಹೊಂದಿಸಿ ನೋಡುವುದು. ಒಂದು ಚೂರು ಒಳಗೆ ಉಳಿದರೂ ಹೊಸ ಹಲ್ಲನ್ನು ಅದೇ ಮುರಿಯುತ್ತದೆ. ಅಂದು ಎಲ್ಲ ಚೂರಿಗೂ ಜಾಗ ಸಿಕ್ಕಿತು. ಒಂದು ಮಾತ್ರ ಹೆಚ್ಚಿಗೆ ಉಳಿಯಿತು. ಅದು ಕಬ್ಬಿಣವಲ್ಲ. ಕಪ್ಪು ದಾರ, ಉದ್ದನೆಯ ಬಿಳಿಕೂದಲು ಸುತ್ತಿದ ತಾಮ್ರದ ಸುರುಳಿ. ಬಿಡಿಸಿದರೆ ಅಂಗೈಯಗಲದ ತಗಡು, ಅದರ ತುಂಬ ಮೊಳೆಯಲ್ಲಿ ಗೀರಿದ ಗೆರೆ, ಚುಕ್ಕೆ. ಕೂದಲನ್ನು ಊದಿ ಹಾರಿಸಿದ. ತಗಡನ್ನು ತೊಳೆದು ಡಬ್ಬಿಗೆ ಹಾಕಿಕೊಂಡ. ಒಳ್ಳೆಯ ತಾಮ್ರ ಬಿಸಾಡುವವನು ಮೇಸ್ತ್ರಿಯೇ ಅಲ್ಲ.

ಹನ್ನೆರಡು ದಿನ ದುಡಿದ. ಪೆಟ್ಟಿಗೆಯನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ ಬಿರುಕಿಗೆ ವೆಲ್ಡಿಂಗ್ ಮಾಡಿದ. ಹಲ್ಲುಗಳನ್ನು ಲೋಹ ತುಂಬಿ ಬೆಳೆಸಿ, ಅರದಲ್ಲಿ ಉಜ್ಜಿ ಉಜ್ಜಿ ಆಕಾರಕ್ಕೆ ತಂದ. ಕೊನೆಗೆ ಉಳಿದದ್ದು ಬೇರಿಂಗಿನ ಸಡಿಲ. ಅದನ್ನು ಕಳೆಯಲು ಕಾಗದದಷ್ಟು ತೆಳುವಾದ ತಗಡಿನ ಬಳೆ ಹಾಕಬೇಕು, ಶಿಮ್ಮು ಅನ್ನುತ್ತಾರೆ. ಆ ಅಳತೆಯದು ಯಾವ ಅಂಗಡಿಯಲ್ಲೂ ಇರಲಿಲ್ಲ. ಡಬ್ಬಿಯಲ್ಲಿದ್ದ ತಾಮ್ರವನ್ನು ಅಳೆದು ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ಹೇಳಿ ಮಾಡಿಸಿದಂತಿತ್ತು.

ಕತ್ತರಿಯಲ್ಲಿ ನಾಲ್ಕು ಬಳೆ ಕತ್ತರಿಸಿದ. ಗೆರೆಗಳು ತುಂಡಾದವು. ಎಣ್ಣೆಯಲ್ಲಿ ಮಲಗಿದ್ದದ್ದನ್ನು ತಿರುಗುವ ಜಾಗದಲ್ಲಿ ಕೂರಿಸುತ್ತಿದ್ದೇನೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಒಂದನ್ನು ಹಾಕಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅಂದು ಚಹಾದಂಗಡಿಯವನು ಎರಡು ಸಲ “ಏನಂದ್ರಿ?” ಎಂದ. ಎರಡನೆಯದು ಹಾಕಿದ ದಿನ ಹೆಂಡತಿ ಫೋನಿನಲ್ಲಿ, “ಸ್ವಲ್ಪ ಜೋರಾಗಿ ಹೇಳ್ರೀ, ಬಾವಿಯೊಳಗಿಂದ ಮಾತಾಡಿದ ಹಾಗಿದೆ,” ಎಂದಳು. ಗಣಿಯಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಬೈದುಕೊಂಡ. ಮೂರನೆಯದನ್ನು ಹಾಕಿದ ಮೇಲೆ ಸಂಜೆ ಮನೆಯಲ್ಲಿ ಅವಳ ಕಿವಿಯ ಹತ್ತಿರವೇ ಬಾಗಿ ಮಾತಾಡಬೇಕಾಯಿತು. “ನನ್ನ ಕಿವೀನೂ ಹೋಗ್ತಿದೆಯೇನ್ರೀ?” ಎಂದು ಹೆದರಿದಳು. ಆದರೆ ಬೀದಿಯ ಕೊನೆಯಲ್ಲಿ ಬೊಗಳಿದ ನಾಯಿ ಅವಳಿಗೆ ಕೇಳಿಸಿತು. ಅವನು ಮೊದಲ ಸಲ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡ. ಡಾಕ್ಟರಿಗೆ ಗಂಟಲು ತೋರಿಸಿದರಾಯಿತು, ನಾಳೆ ಈ ಕೆಲಸವೊಂದು ಮುಗಿಯಲಿ ಎಂದುಕೊಂಡ.

ಮರುದಿನ ನಾಲ್ಕನೆಯ ಶಿಮ್ಮು ಕೂತಿತು. ಹೊಸ ಎಣ್ಣೆ ಸುರಿದ. ಎಂಜಿನ್ನು ಕೆಮ್ಮಿ, ಕಪ್ಪು ಹೊಗೆ ಕಾರಿ, ಎದ್ದಿತು. ಚೈನು ಕಿರುಗುಟ್ಟಿತು. ಟ್ರ್ಯಾಕ್ಟರು ಶೆಡ್ಡಿನಿಂದ ಹೊರಬಂದು ಎದುರಿನ ದಿಬ್ಬ ಹತ್ತತೊಡಗಿತು. ಅವನಿಗೆ ಕಣ್ಣು ತುಂಬಿಬಂತು.

ಟಕ್ ಎಂದಿತು. ಗೇರು ಜಾರಿತು.

ಗಾಡಿ ನಿಂತಿತು. ಹಿಂದಕ್ಕೆ ಉರುಳಿತು. ತಿರುಗಿ ನೋಡಿದ. ಕೆಳಗೆ ಮುದುಕಿ, ಬೆನ್ನು ಹಾಕಿ, ಬಗ್ಗಿ ಒಲೆಗೆ ಪುಳ್ಳೆ ಆಯುತ್ತಿದ್ದಳು. “ಅಜ್ಜಿ,” ಎಂದು ಕೂಗಿದ. ತಿರುಗಲಿಲ್ಲ. ಮತ್ತೆ ಕೂಗಿದ. ಗಂಟಲು ಹರಿಯುವಷ್ಟು ಕೂಗಿದ. ಹಾರ್ನಿಲ್ಲ. ಎಂಜಿನ್ನೂ ಆರಿಹೋಗಿತ್ತು. ಸಡಿಲ ಮಣ್ಣಿನಲ್ಲಿ ಚೈನೂ ಸದ್ದು ಮಾಡುತ್ತಿಲ್ಲ, ಸುತ್ತ ನಿಶ್ಶಬ್ದ. ತನ್ನ ಕೂಗು ತನಗೆ ಕೇಳುತ್ತಿದೆ. ಅವಳಿಗಿಲ್ಲ. ಹತ್ತು ಮಾರು. ಐದು ಮಾರು. ಬ್ರೇಕಿನ ಹಿಡಿಗೆ ಮೈಯೆಲ್ಲ ಒಗೆದು ನೇತುಬಿದ್ದ. ಕಬ್ಬಿಣ ಚೀರಿತು. ಚೈನು ಅವಳ ಸೆರಗಿನ ತುದಿಯ ಮೇಲೆ ನಿಂತಿತು.

ಕಬ್ಬಿಣದ ಚೀರಾಟ ಕೇಳಿ ಅವಳು ತಿರುಗಿದಳು. ಅವನ ತೆರೆದ ಬಾಯನ್ನೇ ಬಹಳ ಹೊತ್ತು ನೋಡಿದಳು.

“ಕೂಗ್ಬೇಡಪ್ಪಾ,” ಎಂದಳು. “ನಾನು ಓಡಿ ಬರೋ ಹೊತ್ತಿಗೆ ನನ್ನ ಮಗನೂ ಹೀಗೇ ಬಾಯಿ ತೆಗೀತಿದ್ದ. ಧ್ವನಿ ಇರಲಿಲ್ಲ.”

ಅವನು ಬೇರಿಂಗಿನ ಮುಚ್ಚಳಗಳನ್ನು ಕಿತ್ತೆಸೆದ. ಎರಡು ಬಳೆ ಸಿಕ್ಕವು. ಉಳಿದೆರಡು ಅರೆದುಹೋಗಿ, ಎಣ್ಣೆಯಲ್ಲಿ ಕೆಂಪು ಪುಡಿಯಾಗಿ ಬೆರೆತು ಹೋಗಿದ್ದವು. ಕೈಸನ್ನೆ ಮಾಡಿ, ಅವಳ ಕಾಲು ಮುಟ್ಟಿ, ಬಿಡಿಸು ಎಂದು ಬೇಡಿದ. ಅವಳಿಗೆ ಅರ್ಥವಾಯಿತು. ತಲೆ ತಗ್ಗಿಸಿದಳು.

“ಮಾಡಿಸೋದು ಹೇಗೆ ಅಂತ ಕೇಳ್ಕೊಂಡು ಬಂದೆ. ಬಿಡಿಸೋದು ಕೇಳ್ಲಿಲ್ಲ. ಆ ಮಂತ್ರವಾದೀನೂ ಸತ್ತು ಹೋದ.”

ಸಂಜೆ ಮನೆಗೆ ಬಂದಾಗ ಹೆಂಡತಿ ಮಂಚದ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಅವನು ಚಪ್ಪಲಿ ಬಿಟ್ಟ. “ಯಾರದು?” ಎಂದಳು ಅವಳು. “ಬಂದೆ ಕಣೇ,” ಎಂದ. ಅವಳು ಬಾಗಿಲ ಕಡೆಯೇ ಕಿವಿಯಿಟ್ಟು ಕಾಯುತ್ತಿದ್ದಳು. ಹತ್ತಿರ ಹೋಗಿ ಕೈ ಹಿಡಿದ. ಬೆಚ್ಚಿ ಎಳೆದುಕೊಂಡವಳು, ಮತ್ತೆ ತಡವಿ, ಒರಟು ಉಗುರುಗಳನ್ನು ಮುಟ್ಟಿ ಗುರುತಿಸಿದಳು.

“ನೀವಾ? ಮಧ್ಯಾಹ್ನ ಫೋನೂ ಮಾಡ್ಲಿಲ್ಲ. ಯಾಕೆ ಸುಮ್ನಿದ್ದೀರಾ?”

ಅವನು ಎಲ್ಲವನ್ನೂ ಹೇಳಿದ. ಒಂದೇ ಉಸಿರಿಗೆ, ಬಿಕ್ಕುತ್ತ, ಎರಡೆರಡು ಸಲ ಹೇಳಿದ.

ಅವಳು ಕಾದಳು. ಆಮೇಲೆ ತೀರ ಮೆಲ್ಲಗೆ ಕೇಳಿದಳು: “ನನ್ನ ಜೊತೆ ಸಾಕಾಗಿಹೋಯ್ತೇನ್ರೀ?”

“ಇಲ್ಲ ಕಣೇ,” ಎಂದ. “ಇಲ್ಲ, ಇಲ್ಲ, ಇಲ್ಲ.”

“ಇಲ್ಲ ಅಂತ ಒಂದು ಮಾತು ಹೇಳಿ. ಒಂದೇ ಒಂದು.”

ಅವನು ಹೇಳುತ್ತಲೇ ಇದ್ದ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಅವನ ಕೈಯನ್ನು ಮೆಲ್ಲಗೆ ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.