ಬೂರುಗದ ಹತ್ತಿಯ ಮೆತ್ತೆ

"ವ್ಯಾನ್ ಬೇಡ. ಆ ಕಾರಲ್ಲಿ ಕರ್ಕೊಂಡು ಹೋಗು!"

ತಮಿಳಿನಲ್ಲಿ ಅಷ್ಟು ಹೇಳಿ ವ್ಯಾನಿನ ಒಡೆಯ ಸೇಕರ್ ಮುಖ ತಿರುಗಿಸಿಬಿಟ್ಟ. ಪೊನ್ನುತಾಯಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ತಮಿಳು ಸೀಮೆಯ ಬೋಡಿ ಊರಿನ ಬಾಡಿಗೆ ಗಾಡಿಗಳ ಸ್ಟ್ಯಾಂಡು ಅದು. ಪಕ್ಕದ ಎತ್ತಿನ ಗಾಡಿಯಲ್ಲಿ ಅವಳ ಅಪ್ಪತ್ತಾ ಓಚ್ಚಮ್ಮಾಳ್ ನರಳುತ್ತಾ ಮಲಗಿದ್ದಳು. ಅಪ್ಪನ ತಾಯಿ. ಹೆತ್ತವರಿಲ್ಲದ ಪೊನ್ನುತಾಯಿಗೆ ಈ ಲೋಕದಲ್ಲಿ ಇದ್ದವಳು ಅವಳೊಬ್ಬಳೇ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ನಾಟಿ ವೈದ್ಯರು ಸೊಂಟದಿಂದ ಪಾದದವರೆಗೆ ಬಿದಿರಿನ ದಬ್ಬೆ ಕಟ್ಟಿ ಹೇಳಿದ್ದರು:

"ಕಾಲು ಮಡಿಸಬಾರದು. ಈಗಲೇ ದಿಂಡಿಗಲ್ ಆಸ್ಪತ್ರೆಗೆ ಹೊರಡಿ. ತಡ ಮಾಡಿದ್ರೆ ಅಜ್ಜಿ ಮತ್ತೆ ನಡೆಯೋದು ಕಷ್ಟ..."

ಅಂಥ ಹೊತ್ತಿನಲ್ಲಿ ಇವನು ಬೇಡ ಅನ್ನುತ್ತಾನೆ!

"ಹೊಸ ವ್ಯಾನ್ ಅಂತ ಎಷ್ಟು ಜಂಬ! ರೋಗಿ ಹತ್ತಿದ್ರೆ ಹೊಲಸಾಗ್ತದೆ ಅಂತಿರಬೇಕು... ಕಲ್ಲೆದೆಯೋನು!" ಅವನಿಗೆ ತಿಳಿಯದು ಎಂಬ ಧೈರ್ಯದಲ್ಲಿ ಮನೆಮಾತು ಕನ್ನಡದಲ್ಲೇ ಬೈದಳು.

ಸೇಕರ್ ತಟ್ಟನೆ ತಿರುಗಿ ನೋಡಿದ.

ಅವಳು ಕಾರಿನ ಬಾಗಿಲು ತೆಗೆಸಿ ಸೀಟನ್ನು ಒತ್ತಿ ನೋಡಿದಳು. ಬೂರುಗದ ಹತ್ತಿ ತುಂಬಿ ಹಾಸಿಗೆ ಹೊಲಿಯುವ ಕೈ ಅದು. ಒಂದು ಸಲ ಮುಟ್ಟಿದರೆ ಸಾಕು. ಒಳ್ಳೆ ಸೀಟು! ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ.

ಆದರೆ ಜಾಗ?

ತಲೆ ಒಳಗೆ ಹೋದರೆ ಪಾದ ಹೊರಗೆ. ಓರೆ ಮಾಡಿದರೆ ಮುಂದಿನ ಸೀಟಿನ ಬೆನ್ನು ಅಡ್ಡ. ಸ್ಟ್ಯಾಂಡಿನ ಜನ ಅಜ್ಜಿಯನ್ನು ಇನ್ನೊಂಚೂರು ಎತ್ತಿ ತಿರುಗಿಸಲು ಹೋದರು...

"ಆತ್ತಾಡೀ!" ಅಪ್ಪತ್ತಾ ನೋವಿಗೆ ಚೀರಿದಳು.

ಓಡಿಬಂದು ಆ ಕಾಲನ್ನು ಹೂವಿನ ಹಾಗೆ ಹಿಡಿದುಕೊಂಡವನು ಸೇಕರ್. ಅಜ್ಜಿಯನ್ನು ಮತ್ತೆ ಎತ್ತಿನ ಗಾಡಿಯಲ್ಲಿ ಮಲಗಿಸಿ, ಪೊನ್ನುತಾಯಿಯತ್ತ ತಿರುಗಿ ಹೇಳಿದ. ಅಚ್ಚ ಕನ್ನಡದಲ್ಲಿ!

"ಕಲ್ಲಾಗಿರೋದು ನನ್ನ ಎದೆ ಅಲ್ಲ, ನನ್ನ ಸೀಟು. ಬಂದು ಮುಟ್ಟಿ ನೋಡು."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಯ್ಯೋ, ಇವನ ಮನೆಮಾತೂ ಕನ್ನಡವೇ! ಎಲ್ಲ ಕೇಳಿಸಿಕೊಂಡನಾ?

ವ್ಯಾನಿನೊಳಗೆ ಒಂದು ಸಣ್ಣ ಕೋಣೆಯಷ್ಟು ಜಾಗ. ತಲೆ ಬಗ್ಗಿಸಿದರೆ ಓಡಾಡಬಹುದು. ಸೀಟು ಮಾತ್ರ ಬರೀ ಹಲಗೆ, ಮೇಲೊಂದು ತೆಳು ರೆಕ್ಸಿನ್.

"ರಸ್ತೆಯ ಒಂದೊಂದು ಗುಂಡಿಗೂ ಮುರಿದ ಮೂಳೆ ಏನು ಪಾಡು ಪಡ್ತದೆ ಹೇಳು. ಅದಕ್ಕೇ ಕಾರು ಅಂದೆ," ಎಂದ ಸೇಕರ್ ಮೆಲ್ಲಗೆ. "ಕಾಲು ಚಾಚೋಕೆ ಆಗಲ್ಲ ಅಂತ ಹೊಳೀಲೇ ಇಲ್ಲ..."

ಬಾಡಿಗೆ ಕೈತಪ್ಪಿದರೂ ಸರಿ, ಗುರುತೇ ಇಲ್ಲದ ಮುದುಕಿಗೆ ನೋವಾಗಬಾರದು ಅಂದುಕೊಂಡವನನ್ನು ತಾನು ಏನೆಲ್ಲ ಅಂದೆ! ಅವಳ ಕಣ್ಣು ತುಂಬಿತು. ಆದರೆ ಅಳುತ್ತಾ ನಿಲ್ಲಲು ಹೊತ್ತಿರಲಿಲ್ಲ.

"ನಡುವಿನ ಸೀಟು ಬಿಚ್ಚೋಕಾಗ್ತದಾ?"

"ನೀನು ಹೇಳಿದ್ರೆ ಈಗಲೇ."

"ಬಿಚ್ಚು. ಮೆತ್ತೆ ನಾನು ತರ್ತೀನಿ!"

ಮನೆಯಲ್ಲಿ ಯಾರದೋ ಮದುವೆಗೆಂದು ಹೊಲಿದಿಟ್ಟ ದಪ್ಪ ಹಾಸಿಗೆ ಇತ್ತು. ಮದುಮಗಳಿಗೆ ಬೇರೆ ಹೊಲಿದರಾಯಿತು! ಹೊತ್ತು ತಂದು ವ್ಯಾನಿನ ಉದ್ದಕ್ಕೂ ಹಾಸಿ, ಅಂಚಿಗೆ ದಿಂಬು ಒತ್ತಿಟ್ಟಳು. ಅಪ್ಪತ್ತಾ ಕಾಲು ನೀಡಿ ಮಲಗಿದಳು. ತಲೆಯ ಬಳಿ ಪೊನ್ನುತಾಯಿ ಕೂತಳು.

ತೇನಿ ದಾಟಿತು. ಪೆರಿಯಕುಳಂ ದಾಟಿತು. ಗುಂಡಿ ಕಂಡಾಗಲೆಲ್ಲ ಸೇಕರ್ ವ್ಯಾನನ್ನು ತೊಟ್ಟಿಲು ತೂಗಿದಂತೆ ಇಳಿಸಿ ಹತ್ತಿಸುತ್ತಿದ್ದ. ವತ್ತಲಗುಂಡಿನ ಹತ್ತಿರ ಅವನು ಗಾಬರಿಯಿಂದ ಕೇಳಿದ:

"ಅಪ್ಪತ್ತಾ ಯಾಕೆ ಮಾತಾಡ್ತಿಲ್ಲ?"

"ಶ್! ನಿದ್ದೆ ಮಾಡ್ತಿದ್ದಾಳೆ..."

ಕನ್ನಡಿಯಲ್ಲಿ ಇಬ್ಬರ ಕಣ್ಣು ಕೂಡಿದವು. ಗೆದ್ದೆವು ಎಂಬ ನಗು ಇಬ್ಬರ ಮುಖದಲ್ಲೂ!

ದಿಂಡಿಗಲ್‌ನಲ್ಲಿ ಡಾಕ್ಟರು ದಬ್ಬೆ ಬಿಚ್ಚಿ ನೋಡಿ, "ಮೂಳೆ ಕದಲಿಲ್ಲ. ಚೆನ್ನಾಗಿ ತಂದಿದ್ದೀರಿ. ನಡೀತಾರೆ," ಅಂದಾಗ ಪೊನ್ನುತಾಯಿ ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಸೇಕರ್ ನೀರು ತಂದುಕೊಟ್ಟ.

ಅಪ್ಪತ್ತಾ ಗುಣವಾಗಿ ಮನೆಗೆ ಬಂದ ಮೇಲೆ ಪೊನ್ನುತಾಯಿ ಆ ವ್ಯಾನಿನ ಸೀಟುಗಳಿಗೆಲ್ಲ ತಾನೇ ಮೆತ್ತೆ ಹೊಲಿದಳು. ಬೆನ್ನಿಗೆ ಗಟ್ಟಿ, ತೊಡೆಯ ಕೆಳಗೆ ಮೆದು. ಸೇಕರ್ ದಿನಕ್ಕೊಂದು ನೆಪ ಮಾಡಿಕೊಂಡು ಬರುತ್ತಿದ್ದ. ನೂಲು ಸಾಕಾ? ಅಳತೆ ಸರಿಯಿದೆಯಾ?

ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಹೋಗುವ ಏಲಕ್ಕಿ ತೋಟದವರು ಕಾರು ಬಿಟ್ಟು ಈ ವ್ಯಾನಿಗೇ ಕಾಯತೊಡಗಿದರು. "ಮನೆಮಂದಿಯೆಲ್ಲ ಕಾಲು ನೀಡಿ ಕೂತ್ಕೋಬಹುದು. ಕಾರಿನ ಸೀಟನ್ನೇ ಮೀರಿಸ್ತದಪ್ಪಾ!" ಇಡೀ ಸ್ಟ್ಯಾಂಡಿನಲ್ಲಿ ಅದೇ ಮಾತು. ಪೊನ್ನುತಾಯಿ ತಲೆಯೆತ್ತಿ ನಡೆದಳು.

ಒಂದು ಬೆಳಿಗ್ಗೆ ಅಪ್ಪತ್ತಾ ಕೋಲೂರಿಕೊಂಡು ತಾನೇ ನಡೆದುಬಂದು ವ್ಯಾನ್ ಹತ್ತಿ ಕೂತಳು! ಬೀದಿಯ ಜನರೆಲ್ಲ ಕೈತಟ್ಟಿ ನಕ್ಕರು.

ಆ ಗಲಾಟೆಯಲ್ಲೇ ಸೇಕರ್ ಪೊನ್ನುತಾಯಿಯ ಹತ್ತಿರ ಬಂದ.

"ಪೊನ್ನುತಾಯಿ... ನನ್ನ ಕಟ್ಕೋತೀಯಾ?"

ಅವಳು ಎಷ್ಟು ದಿನದಿಂದ ಕಾದಿದ್ದ ಮಾತು! ಆದರೂ...

"ಅಪ್ಪತ್ತಾನ ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ."

"ಬಿಟ್ಟು ಬಾ ಅಂದೋರ್ಯಾರು? ಮೊದಲು ಅವಳನ್ನೇ ಕೇಳಿದೆ. ನಮ್ಮ ಮನೇಲಿ ಇರೋಕೆ ಒಪ್ಪಿದ್ಲು. ಈಗ ನಿನ್ನ ಕೇಳ್ತಿದೀನಿ."

ವ್ಯಾನಿನೊಳಗಿಂದ ಅಪ್ಪತ್ತಾ ಇಣುಕಿದಳು. "ಏ ಪುಳ್ಳೆ, ಬೇಗ ಹೇಳೇ ಹುಡುಗಿ! ಅವನ ಮುಖ ನೋಡೋಕಾಗ್ತಿಲ್ಲ!"

ಪೊನ್ನುತಾಯಿ ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಆ ಸೀಮೆಯ ಹುಡುಗಿಯರು ಕೈಹಿಡಿಯುವವನನ್ನು ಕರೆಯುವ ಹಾಗೆ, ಮೊದಲ ಸಲ ಕರೆದಳು.

"ಮಾಮಾ..."

"ಏನಂದೆ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳು."