ಕಸ್ತೂರಿಯ ಮೊಣಕಾಲು

ಮೇಜಿನ ಮೇಲಿನ ಪುಟ್ಟ ಯಂತ್ರ ಕಸ್ತೂರಿಯ ಹೆಸರಿದ್ದ ಮೊಣಕಾಲು ಪಟ್ಟಿಯನ್ನು ನುಂಗಿ ಎರಡು ಕ್ಷಣ ಗುಂಯ್‌ಗುಟ್ಟಿತು. ಆಮೇಲೆ ಕೆಂಪು ದೀಪ ಹೊತ್ತಿಕೊಂಡಿತು.

ಕಸ್ತೂರಿ ಹೂಗಾರ ತನ್ನ ಓಟದ ಬೂಟುಗಳತ್ತ ನೋಡಿದಳು. ಅರವತ್ತರ ವಯಸ್ಸಿನಲ್ಲೂ ಧಾರವಾಡದ ಮೈದಾನವನ್ನು ದಿನಾ ಹತ್ತು ಸುತ್ತು ಓಡುವವಳು ಅವಳು. ಬರುವ ಭಾನುವಾರ ಹಿರಿಯರ ಓಟಕ್ಕೆ ಹೆಸರೂ ಕೊಟ್ಟಿದ್ದಳು. "ಓಡಿ ಓಡಿ ಮೊಣಕಾಲು ಸವೀತಾವ" ಎಂದು ಗಂಡ ಮಹಾಂತೇಶ ಇಪ್ಪತ್ತು ವರ್ಷದಿಂದ ಒಂದೇ ರಾಗ ಹಾಡುತ್ತಿದ್ದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಕೆಂಪು ದೀಪ ಬಂದರೆ ಕಸ್ತೂರಿ ಬೂಟು ಬಿಚ್ಚಿಡಬೇಕು, ಮತ್ತೆ ಮುಟ್ಟಬಾರದು.

2058ರ ಆ ಪಟ್ಟಿ ಡಾ. ಆಫ್ರೀನ್ ನದಾಫ್ ಅವರ ಸಂಶೋಧನೆ. ಮೊಣಕಾಲಿಗೆ ಕಟ್ಟಿಕೊಂಡರೆ ಪ್ರತಿ ಹೆಜ್ಜೆಯ ಪೆಟ್ಟು ಎಷ್ಟೆಂದು ಅಂದಾಜು ಮಾಡುತ್ತದೆ. ಎಲುಬುಗಳ ನಡುವಿನ ಮೆತ್ತನೆಯ ಗಾದಿ, ಅಂದರೆ ಮೃದ್ವಸ್ಥಿ, ಹೇಗಿದೆಯೆಂದು ಒಳಗಿನ ಸಪ್ಪಳದಿಂದಲೇ ಕಂಡುಹಿಡಿಯುತ್ತದೆ; ಸವೆದಿದ್ದರೆ ಕೆಂಪು ದೀಪ, ಗಟ್ಟಿಯಿದ್ದರೆ ಹಸಿರು. ಹೋಲಿಕೆಗೆ ಓಡದವರೂ ಬೇಕಿದ್ದರಿಂದ ಮಹಾಂತೇಶನಿಗೂ ಒಂದು ಪಟ್ಟಿ ಸಿಕ್ಕಿತ್ತು.

"ಹೇಳಿದ್ನಿಲ್ಲ ನಾ?" ಮಹಾಂತೇಶ ಕುಳಿತಲ್ಲೇ ಬೀಗಿದ. ಕಸ್ತೂರಿಯ ಕಣ್ಣು ತುಂಬಿ ಬಂತು.

ಮೇಜಿನಾಚೆ ಕುಳಿತಿದ್ದ ಆಫ್ರೀನ್ ಮಾತ್ರ ಪರದೆ ನೋಡುತ್ತ ಹುಬ್ಬು ಗಂಟಿಕ್ಕಿದರು. "ಅಕ್ಕಾರ, ಈ ತಿಂಗಳು ಒಂದಿನಾನೂ ಓಡಿಲ್ಲೇನ್ರಿ?"

"ಒಂದಿನಾನೂ ತಪ್ಪಿಸಿಲ್ರಿ!"

"ಈ ಕಾಲು ದಿನಕ್ಕ ಐನೂರು ಹೆಜ್ಜಿ ಸೈತ ಹಾಕಿಲ್ಲ. ಪಟ್ಟಿ ಕಟ್ಟಿದವರು ಯಾರ್ರಿ?"

ಕಸ್ತೂರಿ ನಾಲಿಗೆ ಕಚ್ಚಿಕೊಂಡಳು. ಎರಡೂ ಒಂದೇ ಬಣ್ಣದ ಪಟ್ಟಿ, ಮೇಲಿನ ಹೆಸರು ಮಾತ್ರ ಬೇರೆ. ಗಂಡನಿಗೆ ಬಗ್ಗುವ ಕಷ್ಟ ಬೇಡವೆಂದು ಮೊದಲ ದಿನ ಇಬ್ಬರಿಗೂ ಕಟ್ಟಿದ್ದವಳು ಅವಳೇ, ಅದೂ ಕನ್ನಡಕವಿಲ್ಲದೆ. ತನ್ನ ಹೆಸರಿನದು ಅವನ ಕಾಲಿಗೆ, ಅವನದು ತನ್ನ ಕಾಲಿಗೆ ಹೋಗಿತ್ತು. ಅಂದಿನಿಂದ ಯಾರೂ ಬಿಚ್ಚಿರಲಿಲ್ಲ.

ಇನ್ನೊಂದು ಪಟ್ಟಿ ಯಂತ್ರದೊಳಗೆ ಹೋಯಿತು. ಹಸಿರು! ಕಸ್ತೂರಿ ಚಪ್ಪಾಳೆ ತಟ್ಟಿ ನಕ್ಕಳು. ಮಹಾಂತೇಶನ ಮುಖ ಇಂಗು ತಿಂದ ಮಂಗನಂತಾಯಿತು.

"ಓಡೂವಾಗ ಪೆಟ್ಟು ಬೀಳೂದು ಖರೇನ," ಎಂದರು ಆಫ್ರೀನ್. "ಆದ್ರ ಒತ್ತಿ ಬಿಟ್ಟಂಗೆಲ್ಲಾ ಆ ಗಾದಿಗೆ ಜೀವರಸ ಸಿಗತೈತಿ. ಕುಂತ ಕಾಲಿಗೆ ಅದೂ ಇಲ್ಲ. ಅಂಜಬ್ಯಾಡ್ರಿ ಅಣ್ಣಾರ, ಇನ್ನರೆ ಎದ್ದು ಅಡ್ಡಾಡ್ರಿ."

ಕಸ್ತೂರಿಯ ನಗು ನಿಂತಿತು. 2023ರಲ್ಲಿ ಮದುವೆಯಾದ ದಿನದಿಂದ ಚಹಾ, ಮೊಬೈಲು, ಕೊನೆಗೆ ಕುಡಿಯುವ ನೀರನ್ನೂ ಅವನ ಕುರ್ಚಿಗೇ ತಂದುಕೊಟ್ಟವಳು ತಾನು. ಅದನ್ನೇ ಪ್ರೀತಿ ಎಂದುಕೊಂಡಿದ್ದಳು.

ಭಾನುವಾರ ಅವಳು ಓಟ ಮುಗಿಸಿ ಏದುಸಿರು ಬಿಡುತ್ತ ಬಂದಾಗ ಕೊನೆಯ ಗೆರೆಯಾಚೆ ಮಹಾಂತೇಶ ತಂಬಿಗೆ ಹಿಡಿದು ನಿಂತಿದ್ದ.

"ನಳ ಭಾಳ ದೂರ ಐತಿ. ನಡಕೋಂತ ಹೋಗಿ ತಂದೀನಿ," ಎಂದ ಹೆಮ್ಮೆಯಿಂದ.

ಕಸ್ತೂರಿಗೆ ಖುಷಿಯೋ ಖುಷಿ. ಗಟಗಟ ಕುಡಿದು, ಬರಿದಾದ ತಂಬಿಗೆಯನ್ನು ಅವನ ಕೈಗೇ ಕೊಟ್ಟಳು.

"ಇನ್ನೊಂದು ತಂಬಿಗಿ ತರ್ರಿ."